ಹಲ್ಲು ಕೀಳಿಸುವ ಮುನ್ನ

ಹೆಬ್ರಿಯಿಂದ ಮಣಿಪಾಲದ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕೆನ್ನೆಗೆ ಬೈರಾಸು ಒತ್ತಿಕೊಂಡು ಕುಳಿತವರು ಆಗಾಗ ಕಾಣಸಿಗುತ್ತಾರೆ. ನಿದ್ದೆಗೆಟ್ಟ ಕಣ್ಣು, ಬಾತ ದವಡೆ, ಮಾತಿಗೆ ಒಲ್ಲದ ಬಾಯಿ. ಅವರ ಪ್ರಯಾಣ ಎಲ್ಲಿಗೆಂದು ಯಾರೂ ಕೇಳಬೇಕಾಗಿಲ್ಲ. ಸುಮಾರು 30 ಕಿಲೋಮೀಟರ್ ದೂರದ ಆ ಊರಿನಲ್ಲಿ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜೂ 1965ರಲ್ಲಿ ದಂತವೈದ್ಯ ಕಾಲೇಜೂ ಆರಂಭವಾದುವು. ಘಟ್ಟದ ಬುಡದ ಹಳ್ಳಿಗಳವರಿಗೆ ಇದೊಂದು ಭಾಗ್ಯವೆಂದೇ ಹೇಳಬೇಕು. ಆದರೂ ಹಲ್ಲಿನ ವಿಷಯದಲ್ಲಿ ನಾವು ಬಸ್ಸು ಹತ್ತುವುದು ಲವಂಗ, ಉಪ್ಪು, ಅಂಗಡಿಯ ಮಾತ್ರೆ, ನೆರೆಯವರ ಸಲಹೆ ಇವೆಲ್ಲವೂ ಸೋತ ಮೇಲೆಯೇ.

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಪ್ರಯೋಗಶಾಲೆಯಲ್ಲಿ ಒಂದು ಕೈಯಿಂದ ದವಡೆಯನ್ನು ಹಿಡಿದು ಇನ್ನೊಂದು ಕೈಯಿಂದ ವರ್ನಿಯರ್ ಮಾಪಕವನ್ನು ತಿರುಗಿಸುತ್ತಿದ್ದ. ಕೆಳದವಡೆಯ ಬುದ್ಧಿಹಲ್ಲು ಓರೆಯಾಗಿ ಮೂಡಿ ಪಕ್ಕದ ಹಲ್ಲನ್ನು ಒತ್ತುತ್ತಿದೆ, ಶಸ್ತ್ರಕ್ರಿಯೆ ಮಾಡಿ ತೆಗೆಯಬೇಕು ಎಂದು ವೈದ್ಯರು ಹೇಳಿ ತಿಂಗಳಾಗಿತ್ತಂತೆ. “ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಂದು ಅಜ್ಜಿ ಹೇಳುತ್ತಾರೆ, ಸಾರ್” ಎಂದ. ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಅದೇ ಹಲ್ಲನ್ನು ಕೆಲವು ವರ್ಷಗಳ ಹಿಂದೆ ಕೀಳಿಸಿಕೊಂಡವನು. ಆಗ ಒಂದು ಮೂರ್ಖತನವನ್ನೂ ಮಾಡಿದವನು. ಈ ಪತ್ರಿಕೆಯ ವಾಚಕರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಬುದ್ಧಿಹಲ್ಲು ಮೂಡುವುದು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ. ಆದುದರಿಂದ ಅವನಿಗೆ ಹೇಳಿದುದನ್ನು ಇಲ್ಲಿಯೂ ಬರೆದರೆ ಪ್ರಯೋಜನವಾದೀತು.

ಮೊದಲು ಅಜ್ಜಿಯ ಮಾತನ್ನು ನೋಡೋಣ. ಕಣ್ಣಿನಿಂದ ಮೆದುಳಿಗೆ ದೃಷ್ಟಿಯ ಸಂದೇಶವನ್ನು ಒಯ್ಯುವುದು ಎರಡನೆಯ ಕಪಾಲನರ. ಹಲ್ಲುಗಳ ನೋವನ್ನು ಒಯ್ಯುವುದು ಐದನೆಯದು. ಇವೆರಡೂ ಬೇರೆ ಬೇರೆ ತಂತಿಗಳು; ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುವುದಿಲ್ಲ. ಆದರೆ ಐದನೆಯ ನರವು ಮೂರು ಕವಲಾಗಿ ಹಣೆ, ಮೇಲ್ದವಡೆ, ಕೆಳದವಡೆ ಮೂರಕ್ಕೂ ಹರಡಿದೆ. ಆದ್ದರಿಂದಲೇ ಹಲ್ಲಿನ ನೋವು ಕೆಲವೊಮ್ಮೆ ಕಿವಿಯಲ್ಲಿಯೋ ಕಣ್ಣಿನ ಹಿಂದೆಯೋ ಇದ್ದಂತೆ ತೋರುತ್ತದೆ. ಅಜ್ಜಿಯ ನಂಬಿಕೆ ಹುಟ್ಟಿದ್ದು ಬಹುಶಃ ಈ ಅನುಭವದಿಂದಲೇ ಇರಬೇಕು. ನಿಜ ಹೇಳುವುದಾದರೆ ಕಣ್ಣಿಗೆ ಅಪಾಯ ಬಂದರೆ ಅದು ಕಿತ್ತ ಹಲ್ಲಿನಿಂದಲ್ಲ, ಕೀವುಗಟ್ಟಿಯೂ ಕೀಳಿಸದೆ ಬಿಟ್ಟ ಮೇಲಿನ ಹಲ್ಲಿನಿಂದ. ಅಪರೂಪವಾಗಿ ಅಂಥ ಸೋಂಕು ಕಣ್ಣಿನ ಗೂಡಿನವರೆಗೂ ಏರುವುದುಂಟು.

ಇನ್ನು ನೋವಿನ ಭಯ. ನೋವಿಲ್ಲದ ಶಸ್ತ್ರಕ್ರಿಯೆಯೆಂಬುದನ್ನು ಲೋಕಕ್ಕೆ ತಂದುಕೊಟ್ಟವರಲ್ಲಿ ಮೊದಲಿಗರು ಹಲ್ಲಿನ ವೈದ್ಯರೇ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಹೊರೇಸ್ ವೆಲ್ಸ್ 1844ರಲ್ಲಿ ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಈಥರಿನ ಪ್ರಭಾವವನ್ನು ವೈದ್ಯರ ಸಭೆಗೆ ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಈಗ ನಮ್ಮ ಒಸಡಿಗೆ ಚುಚ್ಚುವ ಲಿಡೊಕೇಯ್ನ್ ಎಂಬ ಮದ್ದನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದನು. ಇದು ಪ್ರಜ್ಞೆಯನ್ನು ಕೆಡಿಸುವುದಿಲ್ಲ; ಚುಚ್ಚಿದ ಕಡೆಯ ನರದಲ್ಲಿ ಸೋಡಿಯಂ ಅಯಾನುಗಳ ಬಾಗಿಲನ್ನು ಒಳಗಿನಿಂದ ಮುಚ್ಚುತ್ತದೆ. ಸೋಡಿಯಂ ಒಳನುಗ್ಗದೆ ವಿದ್ಯುತ್ ಸಂಕೇತವು ಮುಂದೆ ಸಾಗಲಾರದು; ನೋವಿನ ಸುದ್ದಿಯು ಮೆದುಳನ್ನು ತಲುಪಲಾರದು.

ಇಲ್ಲೊಂದು ಸೂಕ್ಷ್ಮವಿದೆ, ರೋಗಿಯಾದವನು ಇದನ್ನು ಅವಶ್ಯ ತಿಳಿದಿರಬೇಕು. ಒಳಗಿನಿಂದ ಬಾಗಿಲು ಮುಚ್ಚಬೇಕಾದರೆ ಮದ್ದು ಮೊದಲು ನರದ ಕೊಬ್ಬಿನ ಪೊರೆಯನ್ನು ದಾಟಿ ಒಳಹೋಗಬೇಕಷ್ಟೆ. ವಿದ್ಯುದಾವೇಶವುಳ್ಳ ಅಣುಗಳು ಆ ಪೊರೆಯನ್ನು ದಾಟಲಾರವು, ಆವೇಶವಿಲ್ಲದವು ಮಾತ್ರ ದಾಟಬಲ್ಲವು. ಆರೋಗ್ಯವಾದ ಒಸಡಿನ ಪಿ.ಎಚ್. 7.4ರಷ್ಟು, ಅಲ್ಲಿ ಲಿಡೊಕೇಯ್ನ್ ಅಣುಗಳಲ್ಲಿ ನೂರಕ್ಕೆ ಸುಮಾರು 24 ಆವೇಶರಹಿತವಾಗಿರುತ್ತವೆ. ಕೀವುಗಟ್ಟಿದ ಜಾಗವು ಆಮ್ಲೀಯವಾಗುತ್ತದೆ. ಪಿ.ಎಚ್. 6.4ಕ್ಕೆ ಇಳಿಯಿತೆನ್ನಿ, ಆಗ ಅಂಥ ಅಣುಗಳು ನೂರಕ್ಕೆ ಮೂರು ಮಾತ್ರ ಉಳಿಯುತ್ತವೆ. ಒಂದೇ ಮದ್ದು, ಒಂದೇ ಪ್ರಮಾಣ, ಆದರೆ ಫಲ ಎಂಟರಲ್ಲೊಂದು ಪಾಲು! “ಇಂಜೆಕ್ಷನ್ ಕೊಟ್ಟರೂ ನನಗೆ ನೋವಾಯಿತು” ಎಂದು ದೂರುವವರಲ್ಲಿ ಅನೇಕರು ಬಾವು ಏರುವವರೆಗೂ ಕಾದು ಹೋದವರು. ಹಾಗೆ ಹೋದರೂ ವೈದ್ಯರು ಬಾವಿನಿಂದ ದೂರದಲ್ಲಿ, ನರದ ಬುಡಕ್ಕೆ, ಚುಚ್ಚಿ ನೋಡುತ್ತಾರೆ. ಅಥವಾ ಕೀವನ್ನು ಹೊರಬಿಟ್ಟು ಕೆಲವು ದಿನ ತಡೆದು ಹಲ್ಲಿಗೆ ಕೈಹಾಕುತ್ತಾರೆ.

ಅರಿವಳಿಕೆಯು ನೋವನ್ನು ತಡೆದರೂ ಒತ್ತಡದ ಅರಿವನ್ನು ಪೂರ್ತಿ ತಡೆಯುವುದಿಲ್ಲ. ಹಲ್ಲನ್ನು ಒತ್ತುವುದೂ ಅಲ್ಲಾಡಿಸುವುದೂ ಗೊತ್ತಾಗುತ್ತದೆ, ಅಷ್ಟಕ್ಕೆ ಬೆದರಬೇಕಾಗಿಲ್ಲ. ಚುರುಕ್ಕೆಂದು ನೋವಾದರೆ ಮಾತ್ರ ಎಡಗೈ ಎತ್ತಿ ತಿಳಿಸಬೇಕು. ಇನ್ನಷ್ಟು ಮದ್ದು ಕೊಡುತ್ತಾರೆ. ಜನರನ್ನು ಹೆಚ್ಚಾಗಿ ಹೆದರಿಸುವುದು ಸದ್ದು. ಎಲುಬಿನ ಮೂಲಕ ಶಬ್ದವು ನೇರವಾಗಿ ಒಳಗಿವಿಗೆ ಸಾಗುವುದರಿಂದ, ಪಕ್ಕದಲ್ಲಿ ನಿಂತವನಿಗೆ ಕೇಳಿಸದ ಚಿಟಿಕೆಯೂ ನಮ್ಮ ತಲೆಯೊಳಗೆ ಮರ ಮುರಿದಂತೆ ಕೇಳಿಸುತ್ತದೆ. ಶ್ರುತಿಕವೆಯ ಕಾಲನ್ನು ಹಲ್ಲಿಗೆ ಕಚ್ಚಿ ನೋಡಿದ ವಿದ್ಯಾರ್ಥಿಗಳಿಗೆ ಇದು ಪರಿಚಿತ. ವೈದ್ಯರ ಬಲವೂ ನಾವು ಊಹಿಸುವಂಥದಲ್ಲ. ‘ಕೀಳುವುದು’ ಎಂಬ ಮಾತೇ ತಪ್ಪು ಕಲ್ಪನೆಯನ್ನು ಕೊಡುತ್ತದೆ. ಹಲ್ಲಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ತಂತುಗಳ ಪದರವಿದೆ. ಆ ಸಂದಿಗೆ ಬೆಣೆಯಂಥ ಉಪಕರಣವನ್ನು ತೂರಿಸಿ, ಸನ್ನೆಗೋಲಿನಂತೆ ನಿಧಾನವಾಗಿ ಮೀಟಿ, ಕುಳಿಯನ್ನು ಸ್ವಲ್ಪ ಅಗಲಿಸುತ್ತಾರೆ. ಅಗೆದು ಹಾಕಿದ ಗೂಟವನ್ನು ಅಲ್ಲಾಡಿಸಿ ಸಡಿಲಿಸುವ ತೋಟದ ಕೆಲಸವೂ ಇದೇ ತತ್ತ್ವದ್ದು.

ಓರೆಯಾದ ಬುದ್ಧಿಹಲ್ಲಾದರೆ ಒಸಡನ್ನು ಬಿಡಿಸಿ, ಸ್ವಲ್ಪ ಎಲುಬನ್ನು ಕೊರೆದು, ಹಲ್ಲನ್ನು ತುಂಡುಮಾಡಿ ತೆಗೆಯಬೇಕಾಗುತ್ತದೆ. ಅದರ ಬೇರಿನ ಕೆಳಗೇ ಕೆಳದುಟಿಗೆ ಹೋಗುವ ನರದ ಕಾಲುವೆ ಇದೆ. ಅದು ಎಷ್ಟು ಹತ್ತಿರವೆಂದು ಮುಂಚೆಯೇ ಅರಿಯಲು ಕ್ಷ-ಕಿರಣದ ಚಿತ್ರ ಬೇಕು. ತಲೆಯ ಸುತ್ತ ತಿರುಗಿ ಇಡೀ ದವಡೆಯನ್ನು ತೆಗೆಯುವ ಚಿತ್ರಕ್ಕೆ ತಗಲುವ ವಿಕಿರಣ ಸುಮಾರು 10ರಿಂದ 25 ಮೈಕ್ರೊಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಲೋಕದ ಜನರಿಗೆ ಸಹಜವಾಗಿಯೇ ತಗಲುವುದು ಸರಾಸರಿ ದಿನಕ್ಕೆ ಆರೇಳು ಮೈಕ್ರೊಸೀವರ್ಟ್. ಅಂದರೆ ಎರಡು ದಿನದಿಂದ ನಾಲ್ಕು ದಿನದಷ್ಟು ಮಾತ್ರ! ಗರ್ಭಿಣಿಯರು ತಮ್ಮ ಸ್ಥಿತಿಯನ್ನು ತಿಳಿಸಿದರೆ ಸಾಕು, ಉಳಿದವರು ಅಂಜಬೇಕಾದುದಿಲ್ಲ. ಚಿತ್ರ ನೋಡಿದ ಮೇಲೆ ರೋಗಿಯು ಕೇಳಬೇಕಾದ ಪ್ರಶ್ನೆಯೊಂದಿದೆ: “ನರಕ್ಕೆ ತಗಲುವ ಸಂಭವವಿದೆಯೆ?” ತಗಲಿದರೆ ತುಟಿ ಮರಗಟ್ಟಿದಂತಿರುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಲ್ಲಿ ಉಳಿಯುವುದೂ ಉಂಟು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವನೊಬ್ಬರು ಅಲುಗಾಡುತ್ತಿದ್ದ ಹಲ್ಲೊಂದನ್ನು ತೆಗೆಸಲು ಹೋದಾಗ ವೈದ್ಯರು “ಬೇರೆ ಖಾಯಿಲೆ ಏನಾದರೂ ಉಂಟೆ?” ಎಂದು ಕೇಳಿದರು. “ಏನೂ ಇಲ್ಲ” ಎಂದರು ಮಾವ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ದಿನಕ್ಕೆರಡು ಬಗೆಯ ಮಾತ್ರೆ ನುಂಗುತ್ತಿದ್ದವರು ಅವರು! ಆ ರಾತ್ರಿ ದಿಂಬೆಲ್ಲ ರಕ್ತವಾಯಿತು; ಮಳೆಯಲ್ಲಿ ಬಾಡಿಗೆ ಕಾರು ಹುಡುಕಿ ಓಡಬೇಕಾಯಿತು. ಆಮೇಲೆ ಕೇಳಿದರೆ, “ಹೃದಯಕ್ಕೂ ಹಲ್ಲಿಗೂ ಏನು ಸಂಬಂಧ?” ಎಂದರು. ಸಂಬಂಧವಿದ್ದುದು ಮಾತ್ರೆಗಳಲ್ಲಿ. ಆಸ್ಪಿರಿನ್ ತಗಲಿದ ರಕ್ತಫಲಕವು ತನ್ನ ಆಯುಸ್ಸಿನುದ್ದಕ್ಕೂ, ಎಂದರೆ ಏಳರಿಂದ ಹತ್ತು ದಿನ, ಸರಿಯಾಗಿ ಅಂಟಿಕೊಳ್ಳಲಾರದು.

ಹಾಗೆಂದು ಆ ಮಾತ್ರೆಗಳನ್ನು ನಾವೇ ನಿಲ್ಲಿಸಿಬಿಟ್ಟು ಹೋಗುವುದು ಇನ್ನೂ ದೊಡ್ಡ ಅಪಾಯ. ಹಲ್ಲಿನ ಕುಳಿಯ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಬಾಯಿಂದ ಒತ್ತಲಾಗದು. ವಾರ್ಫರಿನ್ ಸೇವಿಸುವವರಿಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಆ ಸಂಖ್ಯೆ 2ರಿಂದ 3ರೊಳಗಿದ್ದರೆ ಒಂದೆರಡು ಹಲ್ಲುಗಳನ್ನು ಔಷಧ ನಿಲ್ಲಿಸದೆಯೇ ತೆಗೆಯುವುದು ರೂಢಿ. ತೀರ್ಮಾನ ವೈದ್ಯರದು, ತಿಳಿಸುವ ಹೊಣೆ ನಮ್ಮದು. ಮೂಳೆ ಸವೆತಕ್ಕೆಂದು ವಯಸ್ಸಾದ ಹೆಂಗಸರಿಗೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ ಮೊದಲಾದುವನ್ನಂತೂ ಯಾರೂ ಹೇಳಲು ನೆನೆಯುವುದಿಲ್ಲ. ಇವನ್ನು ತೆಗೆದುಕೊಂಡವರ ದವಡೆಯ ಎಲುಬು ಹಲ್ಲು ಕಿತ್ತ ಮೇಲೆ ಮಾಯದೆ ಉಳಿಯಬಹುದೆಂಬುದು 2003ರಿಂದೀಚೆಗೆ ತಿಳಿದುಬಂದಿದೆ. ವರ್ಷಕ್ಕೊಮ್ಮೆ ಚುಚ್ಚಿಸಿಕೊಂಡ ಮದ್ದೂ ಲೆಕ್ಕಕ್ಕೆ ಬರುತ್ತದೆ. ಕೃತಕ ಹೃದಯಕವಾಟ ಇರುವವರು, ಹಿಂದೊಮ್ಮೆ ಹೃದಯದ ಒಳಪದರಕ್ಕೆ ಸೋಂಕಾದವರು ಶಸ್ತ್ರಕ್ರಿಯೆಗೆ ಅರ್ಧದಿಂದ ಒಂದು ಗಂಟೆ ಮುಂಚೆ ಜೀವಿರೋಧಕವನ್ನು ಸೇವಿಸಬೇಕಾಗುತ್ತದೆ. ಸಕ್ಕರೆ ಖಾಯಿಲೆ, ರಕ್ತದೊತ್ತಡ, ಪೆನಿಸಿಲಿನ್ ಒಗ್ಗದಿರುವುದು, ಹಿಂದೆ ಗಾಯವಾದಾಗ ರಕ್ತ ನಿಲ್ಲದಿದ್ದುದು ಇವನ್ನೆಲ್ಲ ನೆನಪಿನಿಂದ ಹೇಳುವುದಕ್ಕಿಂತ ಮನೆಯ ಮಾತ್ರೆಗಳ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಲೇಸು. ಮನೆಯ ಹಿರಿಯರ ಜೊತೆ ನೀವು ಹೋಗುವುದಾದರೆ ಆ ಡಬ್ಬಿಯನ್ನು ನೀವೇ ಹಿಡಿದುಕೊಳ್ಳಿ. ಅವರು ಮೇಜಿನ ಮೇಲೆ ಬಿಟ್ಟು ಬರುತ್ತಾರೆ.

ಊಟದ ವಿಷಯದಲ್ಲಿಯೂ ನಮ್ಮಲ್ಲೊಂದು ಗೊಂದಲವಿದೆ. ‘ಆಪರೇಷನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಉಪವಾಸವಿದ್ದು ಹೊರಡುತ್ತಾರೆ. ಪೂರ್ಣ ಪ್ರಜ್ಞೆ ತಪ್ಪಿಸಿ ಮಾಡುವುದಾದರೆ ಅದು ಸರಿ: ಘನ ಆಹಾರವನ್ನು ಕನಿಷ್ಠ ಆರು ಗಂಟೆ ಮುಂಚೆಯೂ ಬರಿಯ ನೀರನ್ನು ಎರಡು ಗಂಟೆ ಮುಂಚೆಯೂ ನಿಲ್ಲಿಸಬೇಕು. ಆದರೆ ಒಸಡಿಗೆ ಚುಚ್ಚಿ ಮಾಡುವ ಕೆಲಸಕ್ಕೆ ಹಿತಮಿತವಾಗಿ ಉಂಡೇ ಹೋಗಬೇಕು. ಹಸಿದ ಹೊಟ್ಟೆಗೆ ಭಯವೂ ಸೇರಿದರೆ ಕುರ್ಚಿಯಲ್ಲೇ ತಲೆ ಸುತ್ತಿ ಬೀಳುವುದು ಸುಲಭ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದೆ ಹೋದವರ ಗತಿ ಇನ್ನೂ ಕಷ್ಟ.

ನನ್ನ ಮೂರ್ಖತನದ ಕಥೆ ಇನ್ನು. ಹಲ್ಲು ತೆಗೆದ ಕುಳಿಯಲ್ಲಿ ರಕ್ತವು ಹೆಪ್ಪುಗಟ್ಟಿ ಮುಚ್ಚಳದಂತೆ ಕೂರಬೇಕು; ಹೊಸ ಎಲುಬು ಬೆಳೆಯುವುದು ಅದರ ಆಶ್ರಯದಲ್ಲಿ. ಅದಕ್ಕಾಗಿಯೇ ಹತ್ತಿಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಲು ಹೇಳುತ್ತಾರೆ. ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಏನನ್ನೂ ಹೀರಬೇಡಿ ಎಂದೂ ಹೇಳಿದ್ದರು. ನಾನು ಮರುದಿನ ಎಳನೀರನ್ನು ಕೊಳವೆಯಿಂದ ಹೀರಿದೆ. ನೀರು 20 ಸೆಂಟಿಮೀಟರ್ ಮೇಲೇರಬೇಕಾದರೆ ಬಾಯಿಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಐವತ್ತರಲ್ಲೊಂದು ಭಾಗ ತಗ್ಗಬೇಕೆಂದು ತರಗತಿಯಲ್ಲಿ ಲೆಕ್ಕ ಹಾಕಿಸುವವನು ನಾನೇ! ಚದರ ಸೆಂಟಿಮೀಟರಿಗೆ 20 ಗ್ರಾಂ ತೂಕದ ಈ ಎಳೆತ ಚಿಕ್ಕದು. ಆದರೆ ಹೆಪ್ಪೂ ಮೊಸರಿನಂತೆ ಮೆದು. ಮೂರನೆಯ ದಿನ ಕಿವಿಯವರೆಗೆ ಏರಿದ ನೋವನ್ನು ಇಂದಿಗೂ ಮರೆತಿಲ್ಲ. ಹೆಪ್ಪು ಹೋಗಿ ಬರಿಯ ಎಲುಬು ತೆರೆದುಕೊಂಡಿತ್ತು. ‘ಒಣಕುಳಿ’ ಎನ್ನುವ ಈ ತೊಂದರೆಗೆ ಹೀರುವುದೊಂದೇ ಕಾರಣವಲ್ಲ; ಸೋಂಕಿನಿಂದ ಹೆಪ್ಪು ತಾನಾಗಿಯೂ ಕರಗಬಹುದು. ಬೀಡಿ ಸಿಗರೇಟು ಸೇದುವವರಿಗೆ ಇದು ಹೆಚ್ಚು, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎಲೆಯಡಿಕೆಯನ್ನೂ ಕನಿಷ್ಠ ವಾರವೊಂದು ದೂರವಿಡಬೇಕು. ಅಡಿಕೆಯ ದೀರ್ಘಕಾಲದ ಅಭ್ಯಾಸದಿಂದ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿಯೇ ತೆರೆಯದಂತಾಗುವುದೂ ಉಂಟು. ಅಂಥವರ ಹಲ್ಲನ್ನು ತೆಗೆಯುವುದು ವೈದ್ಯರಿಗೂ ಕಷ್ಟದ ಕೆಲಸ.

ಮೊದಲ ದಿನ ಕೆನ್ನೆಯ ಹೊರಗೆ ಮಂಜುಗಡ್ಡೆ, ತಣ್ಣಗಾದ ಕುಚ್ಚಲಕ್ಕಿ ಗಂಜಿ. ಮರುದಿನದಿಂದ ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಇದು ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪಾದ ನೀರು, ಆದ್ದರಿಂದ ಗಾಯಕ್ಕೆ ಉರಿಯದು. ಬಾಯಲ್ಲಿ ನಿಲ್ಲಿಸಿ ಮೆಲ್ಲನೆ ಹೊರಬಿಡಬೇಕು. ತುಟಿಯ ಜೋಮು ಇಳಿಯುವ ಎರಡು ಮೂರು ಗಂಟೆ ಮಕ್ಕಳು ತುಟಿ ಕಚ್ಚಿಕೊಳ್ಳದಂತೆ ನೋಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಬೆಳಗಿನ ಬಸ್ಸಿಗೆ ಕಾಯಬಾರದು. ಕೆಳದವಡೆಯ ಹಿಂದಿನ ಹಲ್ಲಿನ ಕೀವು ನಾಲಗೆಯ ತಳಕ್ಕೆ ಇಳಿದರೆ ಗದ್ದದ ಕೆಳಭಾಗ ಎರಡೂ ಕಡೆ ಮರದಂತೆ ಗಟ್ಟಿಯಾಗಿ ಬಾಯುತ್ತದೆ; ನಾಲಗೆ ಮೇಲಕ್ಕೆದ್ದು ಜೊಲ್ಲು ನುಂಗಲಾಗದು, ಧ್ವನಿ ಬದಲಾಗುತ್ತದೆ, ಜ್ವರ ಏರುತ್ತದೆ. ಜರ್ಮನಿಯ ಲುಡ್‌ವಿಗ್ ಎಂಬ ವೈದ್ಯನು 1836ರಲ್ಲಿ ವರ್ಣಿಸಿದ ಈ ರೋಗವು ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು. ಆಗುಂಬೆಯ ಬುಡದಲ್ಲಿ ಜುಲೈ ತಿಂಗಳ ನಡುರಾತ್ರಿ ಮಳೆ ಹೇಗಿರುತ್ತದೆಂದು ನಾನು ಬಲ್ಲೆ. ಆದರೂ ಆಗಲೇ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮಾತ್ರೆ ನುಂಗಿ ಮಲಗಿದವರಲ್ಲಿ ಬೆಳಗನ್ನು ಕಾಣದೆ ಹೋದವರಿದ್ದಾರೆ.

ನನ್ನ ವಿದ್ಯಾರ್ಥಿ ಅದೇ ವಾರ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ ಹಲ್ಲು ತೆಗೆಸಿಕೊಂಡು ಬಂದ. ಎಂಟನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಪ್ರಯೋಗಶಾಲೆಗೆ ಬಂದವನು ಕಿಸೆಯಿಂದ ಚಿಕ್ಕ ಸೀಸೆಯೊಂದನ್ನು ತೆಗೆದ. ಹಲ್ಲು ಎರಡು ತುಂಡಾಗಿತ್ತು. ಬೇರುಗಳೆರಡೂ ಕೊಕ್ಕೆಯಂತೆ ಹಿಂದಕ್ಕೆ ಬಾಗಿದ್ದುವು. ವರ್ನಿಯರ್ ಮಾಪಕದಿಂದ ಅಳೆದೆವು. ಬೇರಿನ ತುದಿಯವರೆಗೆ 19.4 ಮಿಲಿಮೀಟರ್.