ಊರಿಗೆ ಒಯ್ಯುವ ಉಡುಪು: ಕೌಲ್ ನೆಕ್ ಯಾರಿಗೆ, ಹೇಗೆ?

ಊರಿಗೆ ಹೊರಡಲು ಹದಿನೈದು ದಿನ ಇರುವಾಗಲೇ ದುಬೈಯ ನಮ್ಮ ಮನೆಗಳಲ್ಲಿ ಲಗೇಜಿನ ತೂಕ ನೋಡುವ ಕೆಲಸ ಶುರುವಾಗುತ್ತದೆ. ಸೋಪು, ಖರ್ಜೂರ, ಬಾದಾಮಿ, ಚಾಕೊಲೇಟು ತುಂಬಿದ ಮೇಲೆ ಉಳಿದ ಕಿಲೋಗಳಲ್ಲಿ ಅಕ್ಕ, ಅತ್ತಿಗೆ, ನಾದಿನಿಯರಿಗೆ ಬಟ್ಟೆ. ಎರಡು ವರ್ಷದ ಹಿಂದೆ ಹೀಗೆಯೇ ಅಕ್ಕನಿಗೆಂದು ಹಸಿರು ಸ್ಯಾಟಿನ್ ಗೌನು ಒಯ್ದಿದ್ದೆವು. ಎದೆಯ ಮೇಲೆ ಸಡಿಲವಾಗಿ ಇಳಿಬಿದ್ದ ನೆರಿಗೆಯ ಕುತ್ತಿಗೆ. ಬೆಲೆ 160 ದಿರ್ಹಂ. ಅಂಗಡಿಯ ಗೊಂಬೆಯ ಮೇಲೆ ನೋಡಿ ಮನಸೋತು ಕೊಂಡದ್ದು.

ಕುಂದಾಪುರದ ಮನೆಯಲ್ಲಿ ಮೆಹಂದಿಯ ರಾತ್ರಿ ಅಕ್ಕ ಅದನ್ನೇ ತೊಟ್ಟಳು. ಫೋಟೊದಲ್ಲಿ ಚೆನ್ನಾಗಿಯೇ ಬಂತು. ಊಟದ ಹೊತ್ತಿಗೆ ನೋಡಿದರೆ, ಬಾಗಿ ಬಡಿಸುವಾಗಲೆಲ್ಲ ಅವಳ ಎಡಗೈ ಎದೆಯ ಮೇಲೆ. ಬಲಗೈಯಲ್ಲಿ ಸೌಟು, ಪಾತ್ರೆ ಹಿಡಿಯಲು ಇನ್ನೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಒಳಗೆ ಹೋಗಿ ಶಾಲು ಹೊದ್ದು ಬಂದಳು. ಕೇಳಿದರೆ, "ಚಳಿ" ಎಂದಳು. ಮೇ ತಿಂಗಳ ಕುಂದಾಪುರದಲ್ಲಿ ಚಳಿ! ಆ ಗೌನು ಮತ್ತೆ ಕಪಾಟಿನಿಂದ ಹೊರಬರಲಿಲ್ಲ. ಲೆಕ್ಕ ಬರೆಯುವ ಕೆಲಸದವರಾದ ನಮಗೆ ಲೆಕ್ಕ ಸುಲಭ: ಒಂದು ಸಲ ತೊಟ್ಟದ್ದಕ್ಕೆ 160 ದಿರ್ಹಂ. ಆದರೆ ನಮ್ಮ ಮನಸ್ಸಿಗೆ ಬೇಸರವಾದೀತೆಂದು ಅವಳು ಬಾಯಿ ಬಿಡದೆ ಉಳಿದದ್ದು ಯಾವ ಲೆಕ್ಕಕ್ಕೂ ಸಿಗದು.

ಈ ಬಗೆಯ ಕುತ್ತಿಗೆಗೆ ಕೌಲ್ ನೆಕ್ ಎನ್ನುತ್ತಾರೆ. ಯುರೋಪಿನ ಕ್ರೈಸ್ತ ಸಂನ್ಯಾಸಿಗಳ ಮುಸುಕಿನ ಹೆಸರು ಅದು. ಮುಸುಕನ್ನು ತಲೆಯಿಂದ ಇಳಿಸಿದಾಗ ಕತ್ತಿನ ಸುತ್ತ ಬೀಳುವ ನೆರಿಗೆಯಂತೆ ಇದೂ ಕಾಣುತ್ತದೆ. ಇದರ ಗುಟ್ಟು ಇರುವುದು ಬಟ್ಟೆ ಕತ್ತರಿಸುವುದರಲ್ಲಿ. ಹಾಸಿನ ನೂಲಿನ ಗುಂಟ ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಟ್ಟೆ ಹಿಗ್ಗುತ್ತದೆ, ಮೃದುವಾಗಿ ಬಾಗುತ್ತದೆ. ನಮ್ಮೂರ ಟೈಲರ್‌ಗಳು ಕ್ರಾಸ್ ಕಟಿಂಗ್ ಎನ್ನುವುದು ಇದನ್ನೇ. 1912ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಹೆಸರಿನ ಉಡುಪಿನ ಮಳಿಗೆ ತೆರೆದ ಮ್ಯಾಡ್ಲೀನ್ ವಿಯೊನೆ ಈ ಕಟಿಂಗ್‌ಗೆ ಹೆಸರಾದವರು. ಚಿಕ್ಕ ಮರದ ಗೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು ನೋಡಿಯೇ ಅವರು ವಿನ್ಯಾಸ ಮಾಡುತ್ತಿದ್ದರು.

ಮರಳಿ ಬಂದ ಮೇಲೆ ನಾವು ಸತ್ವಾದ ಟೈಲರ್ ಒಬ್ಬರಲ್ಲಿ ಅಕ್ಕನ ಫೋಟೊ ತೋರಿಸಿದೆವು. ಅವರು ಮೊದಲು ಕೇಳಿದ ಪ್ರಶ್ನೆ: "ಇವರು ಇದನ್ನು ತೊಟ್ಟು ಏನು ಕೆಲಸ ಮಾಡುತ್ತಾರೆ?" ಕೂತು ಮಾತಾಡುವವರಿಗೆ ಆಳದ ಕೌಲ್ ಆದೀತು, ಬಾಗಿ ಎದ್ದು ಓಡಾಡುವವರಿಗೆ ನೆರಿಗೆ ಕೊರಳ ಮೂಳೆಯ ಹತ್ತಿರವೇ ನಿಲ್ಲಬೇಕು ಎಂದರು. ಅವರಿಂದ ಕಲಿತದ್ದು, ಆಮೇಲೆ ನಾವೇ ಕೊಂಡು ನೋಡಿ ಕಲಿತದ್ದು ಇಷ್ಟು:

ಮೈಕಟ್ಟು ನೋಡಿ. ಸಣಕಲು ಮೈಯವರಿಗೆ, ಹೆಗಲು ಕಿರಿದಾದವರಿಗೆ ಎರಡು ಮೂರು ನೆರಿಗೆಯ ಕೌಲ್ ಒಪ್ಪುತ್ತದೆ. ಮೇಲ್ಭಾಗ ತುಂಬಿದಂತೆ ಕಾಣುತ್ತದೆ. ಸೊಂಟ ಅಗಲವಿದ್ದವರಿಗೂ ಇದರಿಂದ ಮೇಲೆ ಕೆಳಗೆ ಸರಿತೂಗುತ್ತದೆ. ಎದೆ ತುಂಬಿಕೊಂಡವರಿಗೆ ತೆಳು ಬಟ್ಟೆಯ ಒಂದೇ ನೆರಿಗೆ ಸಾಕು. ದಪ್ಪ ಬಟ್ಟೆ ರಾಶಿ ಬಿದ್ದಂತಾಗುತ್ತದೆ. ಕತ್ತು ಗಿಡ್ಡವಿದ್ದರೆ ಗಲ್ಲಕ್ಕೆ ತಾಗುವಂಥದ್ದು ಬೇಡ, ಸ್ವಲ್ಪ ಕೆಳಗೆ ಇಳಿದಿರಲಿ. ಕತ್ತು ಉದ್ದವಿದ್ದವರಿಗೆ ಎತ್ತರದ ಕೌಲ್ ಚಂದ.

ಬಟ್ಟೆ ನೋಡಿ. ಕ್ರೇಪ್, ಜಾರ್ಜೆಟ್, ಸ್ಯಾಟಿನ್, ಮೃದುವಾದ ಜೆರ್ಸಿ ಚೆನ್ನಾಗಿ ಬೀಳುತ್ತವೆ. ಗಂಜಿ ಹಾಕಿದಂತಿರುವ ಕಾಟನ್, ಆರ್ಗ್ಯಾಂಝಾ ಸೆಟೆದು ನಿಲ್ಲುತ್ತವೆ. ಮೀನಾ ಬಜಾರಿನಲ್ಲಿ ಬಟ್ಟೆ ಕೊಂಡು ಹೊಲಿಸುವವರು ಮಾಮೂಲಿಗಿಂತ ಹೆಚ್ಚು ಅಳತೆ ಕೊಳ್ಳಬೇಕು. ಓರೆ ಕತ್ತರಿಸುವಾಗ ಮೂಲೆಗಳಲ್ಲಿ ತುಂಡು ಉಳಿಯುತ್ತದೆ. ಎಷ್ಟು ಬೇಕೆಂದು ಟೈಲರನ್ನು ಕೇಳಿಯೇ ಅಂಗಡಿಗೆ ಹೋಗುವುದು ಒಳ್ಳೆಯದು.

ಬಾಗಿ ನೋಡಿ. ಟ್ರಯಲ್ ರೂಮಿನಲ್ಲಿ ಕನ್ನಡಿಯೆದುರು ನೆಟ್ಟಗೆ ನಿಂತರೆ ಸಾಲದು. ಬಗ್ಗಬೇಕು, ಕೂರಬೇಕು, ಎರಡೂ ಕೈ ಎತ್ತಬೇಕು. ಮುಂದಿನ ಕೌಲ್ ಭಾರವಿದ್ದರೆ ಹಿಂದಿನ ಕುತ್ತಿಗೆ ಎತ್ತರವಿರಬೇಕು. ಎರಡೂ ಕಡೆ ಆಳವಿದ್ದರೆ ಉಡುಪು ಹೆಗಲಿನಿಂದ ಜಾರುತ್ತದೆ. ನೆರಿಗೆಯ ಒಳಗೆ ಚಿಕ್ಕ ಭಾರವೊಂದನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದರೆ ಅದು ಸ್ಥಳದಲ್ಲೇ ಕೂರುತ್ತದೆ. ಒಳಗೊಂದು ಅದೇ ಬಣ್ಣದ ತುಂಡು ಹಾಕಿಸಿದರೆ ಬಗ್ಗಿದಾಗ ಅಂಜಿಕೆಯಿಲ್ಲ.

ಒಡವೆ ಕಡಿಮೆ ಇರಲಿ. ಕೌಲ್ ಮೇಲೆ ದೊಡ್ಡ ಹಾರ ಹಾಕಿದರೆ ಎರಡೂ ಕಾಣುವುದಿಲ್ಲ. ಉದ್ದದ ಕರಿಮಣಿ ನೆರಿಗೆಯಲ್ಲಿ ಸಿಕ್ಕಿ ನೂಲು ಎಳೆಯುತ್ತದೆ. ಅದು ಒಳಗಿರಲಿ, ಕಿವಿಗೆ ಉದ್ದನೆಯ ಓಲೆ ಸಾಕು. ದುಪಟ್ಟಾದ ಕೆಳಗೆ ಕೌಲ್ ನೆಕ್ ಹೊಲಿಸುವುದು ದುಡ್ಡು ದಂಡ.

ಒಂದು ಮಾತು ಕಪಾಟಿನ ಬಗ್ಗೆಯೂ. ಓರೆ ಕತ್ತರಿಸಿದ ಬಟ್ಟೆಯನ್ನು ತಿಂಗಳುಗಟ್ಟಲೆ ಹ್ಯಾಂಗರಿಗೆ ತೂಗುಹಾಕಿದರೆ ಜೋಲು ಬೀಳುತ್ತದೆ. ಮಡಚಿ ಇಡಿ. ಮೆಷಿನ್ನಿನಲ್ಲಿ ಹಿಂಡಬೇಡಿ.

ಮುಂದಿನ ಸಲ ಹೋದಾಗ ಹಸಿರು ಗೌನನ್ನು ಕೇಳಿ ತಂದೆವು. ಸತ್ವಾದ ಟೈಲರ್ ಹೆಗಲಿನಲ್ಲಿ ಹಿಡಿದು ನೆರಿಗೆಯನ್ನು ಮೇಲಕ್ಕೆತ್ತಿ, ಒಳಗೆ ತುಂಡು ಹಾಕಿ, 40 ದಿರ್ಹಂ ತೆಗೆದುಕೊಂಡರು. ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದೆವು. ಮನೆಯ ಪೂಜೆಯ ಸಂಜೆ ಯಾರೋ ವಾಟ್ಸ್ಯಾಪಿನಲ್ಲಿ ವಿಡಿಯೊ ಹಾಕಿದರು. ಹಸಿರು ಗೌನಿನಲ್ಲಿ ಅಕ್ಕ ಪಾಯಸ ಬಡಿಸುತ್ತಿದ್ದಳು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು. ಶಾಲು ಇರಲಿಲ್ಲ.

ಊರಿನಲ್ಲಿರುವ ಮನೆಯವರಲ್ಲಿ ನಮ್ಮದೊಂದು ಕೋರಿಕೆ. ಹೊರದೇಶದಿಂದ ತಂದದ್ದು ಒಪ್ಪದಿದ್ದರೆ ಹೇಳಿಬಿಡಿ. ಹೆಗಲಿನ ಅಗಲ, ಎದೆಯ ಸುತ್ತಳತೆ, ಚೆನ್ನಾಗಿ ಕೂರುವ ಹಳೆಯ ಕುರ್ತಾದ ಒಂದು ಫೋಟೊ ಕಳಿಸಿಡಿ. ನಮಗೆ ಬೇಸರವಾಗುವುದಿಲ್ಲ. ಕಪಾಟಿನಲ್ಲಿ ಮಡಚಿಟ್ಟದ್ದನ್ನು ಕಂಡಾಗಲೇ ಬೇಸರ.