ಮಗು ಬರೆದ ಚಿತ್ರ ಪರೀಕ್ಷೆಯ ಉತ್ತರಪತ್ರಿಕೆ ಅಲ್ಲ

ಇವತ್ತಿನ ವಿಷಯ ಮಕ್ಕಳ ಆರ್ಟ್ ಥೆರಪಿ.

ಬೆಂಗಳೂರು ಬಿಟ್ಟು ಪುಣೆಗೋ ಹೈದರಾಬಾದಿಗೋ ಬಂದ ಮನೆಗಳಲ್ಲಿ ಇದನ್ನ ನೋಡಿರ್ತೀರಿ. ನಮಗೆ ಆಫೀಸಲ್ಲಿ ಇಂಗ್ಲಿಷ್ ಸಾಕು. ಮಗುವಿಗೆ ಹಾಗಲ್ಲ. ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಆಟಕ್ಕೆ ಇಳಿದರೆ ಹಿಂದಿಯೋ ಮರಾಠಿಯೋ ತೆಲುಗೋ. ಕೆಲವು ಮಕ್ಕಳು ಮಾತೇ ಕಡಿಮೆ ಮಾಡಿಬಿಡ್ತಾರೆ. "ಏನಾಯ್ತು ಹೇಳು" ಅಂದಷ್ಟೂ ಬಾಯಿ ಮುಚ್ಚುತ್ತೆ. ಮಾತು ಬರದ ಕಡೆ ಬಣ್ಣ, ಜೇಡಿಮಣ್ಣು, ಕತ್ತರಿಸಿದ ಕಾಗದ ಕೆಲಸಕ್ಕೆ ಬರುತ್ತೆ ಅನ್ನೋದೇ ಆರ್ಟ್ ಥೆರಪಿಯ ಮೂಲ ನಂಬಿಕೆ.

ಈ ಹೆಸರು ಕೊಟ್ಟಿದ್ದು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್, 1942ರಲ್ಲಿ. ಕ್ಷಯ ಬಂದು ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದಾಗ, ಚಿತ್ರ ಬರೆಯೋದ್ರಿಂದ ಮನಸ್ಸು ಚೇತರಿಸಿಕೊಳ್ಳುತ್ತೆ ಅಂತ ಅವರು ತಾವೇ ಕಂಡುಕೊಂಡಿದ್ದರು.

ಮಕ್ಕಳ ವಿಷಯಕ್ಕೆ ಬಂದರೆ ನೆನೆಯಬೇಕಾದ ಹೆಸರು ಫ್ರೀಡಲ್ ಡಿಕರ್-ಬ್ರಾಂಡೈಸ್. 1942ರ ಡಿಸೆಂಬರಿನಲ್ಲಿ ನಾಜಿಗಳು ಆಕೆಯನ್ನ ತೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಕೊಂಡೊಯ್ಯಲು ಬಿಟ್ಟಿದ್ದ ಅಷ್ಟಿಷ್ಟು ಸಾಮಾನಿನಲ್ಲೇ ಆಕೆ ಚಿತ್ರದ ಸಾಮಗ್ರಿ ತುಂಬಿಕೊಂಡಿದ್ದರು. ಶಿಬಿರದ ಮಕ್ಕಳಿಗೆ ಗುಟ್ಟಾಗಿ ಪಾಠ ಮಾಡಿದರು, ಚಿತ್ರದ ಮೇಲೆ ಹೆಸರು ಬರೆಸಿದರು. ಮಕ್ಕಳು ಹೆಸರು ಹೋಗಿ ಬರೀ ನಂಬರ್ ಆಗಿದ್ದ ಜಾಗ ಅದು. 1944ರ ಅಕ್ಟೋಬರಿನಲ್ಲಿ ಆಶ್‌ವಿಟ್ಜ್‌ನಲ್ಲಿ ಆಕೆಯನ್ನ ಕೊಂದರು. ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದವು. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಫ್ರೀಡಲ್ ಅವರ ಶಿಷ್ಯೆ ಈಡಿತ್ ಕ್ರೇಮರ್ 1938ರಲ್ಲಿ ನ್ಯೂಯಾರ್ಕಿಗೆ ಹೋಗಿ, ಮುಂದೆ ವಿಲ್ಟ್‌ವಿಕ್ ಅನ್ನೋ ವಸತಿ ಶಾಲೆಯಲ್ಲಿ, ಮನಸ್ಸಿಗೆ ಪೆಟ್ಟು ಬಿದ್ದ ಹುಡುಗರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಥೆರಪಿಸ್ಟ್ ಮಗುವಿಗೆ "ಮೂರನೇ ಕೈ" ಆಗಿರಬೇಕು ಅಂದರು. ಮಣ್ಣಿನ ಕುದುರೆಯ ಕಾಲು ಮುರೀತಾ ಇದ್ದರೆ ನಿಲ್ಲೋ ಹಾಗೆ ಸಹಾಯ ಮಾಡಿ. ಅದು ಕುದುರೆಯೋ ನಾಯಿಯೋ ಅನ್ನೋದನ್ನ ಮಗು ತೀರ್ಮಾನಿಸಲಿ.

ಚಿತ್ರ ನೋಡಿ ಮನಸ್ಸು ಓದೋ ವಿದ್ಯೆ ಇದು ಅಂತ ತಿಳಿಯಬೇಡಿ. ಕಪ್ಪು ಬಣ್ಣ ಹಚ್ಚಿದ ಕೂಡಲೇ ದುಃಖ ಅಂತಲ್ಲ. ಮಿಕ್ಕ ಕ್ರೇಯಾನ್ ಸವೆದಿರಬಹುದು! ಕೂತು ಕೇಳಿದರೆ ಮಗುವೇ ಹೇಳುತ್ತೆ. ಸಾಮಗ್ರಿಯೂ ಮುಖ್ಯ. ಪೆನ್ಸಿಲ್ ಕೈಯ ಹಿಡಿತದಲ್ಲಿರುತ್ತೆ, ನೀರಿನ ಬಣ್ಣ ಹರಿದುಹೋಗುತ್ತೆ. ಹೆದರಿದ ಮಗುವಿಗೆ ಮೊದಲು ಪೆನ್ಸಿಲ್ಲೇ ವಾಸಿ. "ನಂಗೆ ಡ್ರಾಯಿಂಗ್ ಬರಲ್ಲ" ಅನ್ನೋ ಹದಿಹರೆಯದವರಿಗೆ ಹಳೇ ಪತ್ರಿಕೆಯ ಚಿತ್ರ ಕತ್ತರಿಸಿ ಅಂಟಿಸೋದು ಸಲೀಸು.

ಮನೇಲಿ ನಾವು ಥೆರಪಿಸ್ಟ್ ಆಗೋಕಾಗಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇಷ್ಟು ಮಾಡಬಹುದು. "ಇದೇನು?" ಅನ್ನೋ ಬದಲು "ಇದರ ಕಥೆ ಹೇಳ್ತೀಯಾ ಪುಟ್ಟಾ?" ಅನ್ನಿ. ಹೇಳದಿದ್ದರೆ ಬಿಡಿ. ತಿದ್ದಬೇಡಿ. ಕೇಳದೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಚಿತ್ರ ಮಗುವಿನ ಸ್ವತ್ತು.

ನಿದ್ದೆ, ಊಟ ಕೆಟ್ಟು ವಾರಗಳಾದರೆ, ಸ್ಕೂಲೇ ಬೇಡ ಅಂತ ಹಟ ಹಿಡಿದರೆ ಮಕ್ಕಳ ಮನೋವೈದ್ಯರನ್ನ ಕಾಣಿ. ತನಗೆ ತಾನೇ ನೋವು ಮಾಡ್ಕೊಳ್ಳೋ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆರ್ಟ್ ಥೆರಪಿಸ್ಟ್ ಹತ್ರ ಹೋದರೆ ಎಲ್ಲಿ ಕಲಿತಿದ್ದೀರಿ, ಮಗುವಿನ ಚಿತ್ರವನ್ನ ಯಾರ್ಯಾರು ನೋಡ್ತಾರೆ ಅಂತ ಕೇಳಿ. ಒಂದೇ ಚಿತ್ರ ನೋಡಿ ಕಾಯಿಲೆ ಹೇಳಿಬಿಡ್ತೀನಿ ಅನ್ನೋರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಈ ವಾರ ಒಂದು ಅರ್ಧ ಗಂಟೆ ಲ್ಯಾಪ್‌ಟಾಪ್ ಮುಚ್ಚಿ, ಮಗುವಿನ ಪಕ್ಕ ನೆಲದ ಮೇಲೆ ಕೂತು ನೀವೂ ಒಂದು ಚಿತ್ರ ಬರೀರಿ. ಚೆನ್ನಾಗಿ ಬರಬೇಕು ಅಂತೇನೂ ಇಲ್ಲ.