ಬೇಟೆಗೊಂದು ಲೆಕ್ಕ ಬೇಕು

ಯುಗಾದಿಯ ಮರುದಿನ ಹೊಸತೊಡಕು. ಹಿಂದಿನ ದಿನ ಬೇವು-ಬೆಲ್ಲ, ಒಬ್ಬಟ್ಟು ತಿಂದ ಮನೆಗಳಲ್ಲಿ ಅಂದು ಬಾಡಿನ ಘಮ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಸುತ್ತಿನಲ್ಲಿ ಬೆಳಗಿನ ಜಾವಕ್ಕೇ ಮಾಂಸದಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ಹಿರಿಯರ ಕಾಲಕ್ಕೆ ಇದು ಬೇಟೆಯ ದಿನ. ಗಂಡಸರು ಬಲೆ, ದೊಣ್ಣೆ, ಈಟಿ ಹಿಡಿದು, ಊರನಾಯಿಗಳನ್ನು ಕಟ್ಟಿಕೊಂಡು ಗೋಮಾಳ ದಾಟಿ ಕುರುಚಲು ಕಾಡಿಗೆ ಹೊರಡುತ್ತಿದ್ದರು. ಮೊಲ, ಗೌಜಲಕ್ಕಿ, ಅದೃಷ್ಟವಿದ್ದರೆ ಹಂದಿ. ಆ ದಿನದ ಫಲ ಹೇಗೋ ವರ್ಷವೂ ಹಾಗೇ ಎಂಬ ನಂಬಿಕೆ.

ಅದಕ್ಕೆ ತಯಾರಿಯೂ ಇತ್ತು. ಮೊಲ ಯಾವ ಬದುವಿನ ಮರೆಯಲ್ಲಿ ಮಲಗುತ್ತದೆ, ಎದ್ದರೆ ಯಾವ ಕಂಡಿಯಲ್ಲಿ ನುಸುಳುತ್ತದೆ ಎಂದು ನೋಡಿಟ್ಟವರು ಬಲೆ ಕಟ್ಟುವವರು. ಉಳಿದವರು ಎದುರಿನಿಂದ ಪೊದೆ ಬಡಿಯುತ್ತ, ಕೂಗು ಹಾಕುತ್ತ ಬರಬೇಕು. ಸಿಕ್ಕಿದ್ದು ಊರಿಗೇ ಪಾಲು. ಪಾಲಿನ ಆ ಶಿಸ್ತನ್ನು ಇಂದಿಗೂ ಗುಡ್ಡೆ ಬಾಡಿನಲ್ಲಿ ಕಾಣಬಹುದು. ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಕುರಿ-ಮೇಕೆ ತಂದು ಕಡಿಯುತ್ತಾರೆ. ಟಾರ್ಪಾಲಿನ ಮೇಲೆ ಸಾಲಾಗಿ ಗುಡ್ಡೆಗಳು. ಒಂದೊಂದು ಗುಡ್ಡೆಗೂ ತೊಡೆಯ ತುಂಡು, ಪಕ್ಕೆಲುಬು, ಈಲಿ, ಬೋಟಿ ಎಲ್ಲವೂ ಬೀಳಬೇಕು. ಒಬ್ಬ ಹಿರಿಯ ಸುತ್ತು ಹಾಕಿ ನೋಡಿ, ದಪ್ಪ ಕಂಡ ಗುಡ್ಡೆಯಿಂದ ಒಂದು ತುಂಡು ತೆಗೆದು ಬಡಕಲಾದದ್ದರ ಮೇಲೆ ಇಡುತ್ತಾನೆ. ತಕ್ಕಡಿ ಇಲ್ಲ, ತಕರಾರೂ ಇಲ್ಲ.

ಈ ನಾಡಿನ ಬೇಟೆಯ ನೆನಪು ಕಲ್ಲಿನಲ್ಲೂ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ ಕ್ರಿ.ಶ. 949ರ ಆಸುಪಾಸಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಆ ಜನರ ಮೇಲೆ ಗೌರವ ಹುಟ್ಟುತ್ತದೆ.

ಹಾಗೆಂದು ಈಗ ಬಲೆ ಹೊತ್ತು ಹೊರಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಸಿಗುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. 2022ರ ತಿದ್ದುಪಡಿಯ ನಂತರ ಮೊಲ, ಕಾಡುಹಂದಿ, ಗೌಜಲಕ್ಕಿ ಮೂರೂ ಎರಡನೇ ಅನುಸೂಚಿಯಲ್ಲಿವೆ. ಹಿಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ಹಬ್ಬದ ಸಂಪ್ರದಾಯ ಎಂಬುದು ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ.

“ಅಮೆರಿಕದಲ್ಲಿ ಬೇಟೆ ಆಡ್ತಾರಲ್ಲ, ನಮಗ್ಯಾಕೆ ಬೇಡ?” ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಕೇಳಿಬರುವ ಈ ಪ್ರಶ್ನೆ ನ್ಯಾಯವಾದದ್ದೇ. ಕೊಲೊರಾಡೊ ರಾಜ್ಯವನ್ನೇ ನೋಡೋಣ. ಅಲ್ಲಿನ ಎಲ್ಕ್ ನಮ್ಮ ಕಡವೆಯ ದೂರದ ಬಂಧು; ಗಂಡು ಸುಮಾರು 300 ಕಿಲೋ ತೂಗುತ್ತದೆ. ಸೆಪ್ಟೆಂಬರ್ ಅದರ ಬೆದೆಗಾಲ, ಬಿಲ್ಲುಬೇಟೆಯ ತಿಂಗಳೂ ಅದೇ. ಬೇರೆ ರಾಜ್ಯದವನು ಅಲ್ಲಿ ಬಿಲ್ಲುಬೇಟೆಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಬೇಕು. ಮೊದಲು ಪಶ್ಚಿಮ ಭಾಗದ ಹಲವು ವಲಯಗಳ ಬಿಲ್ಲುಬೇಟೆಗೆ ದುಡ್ಡು ಕಟ್ಟಿದವರಿಗೆಲ್ಲ ಪರವಾನಗಿ ಸಿಗುತ್ತಿತ್ತು. 2025ರಿಂದ ಹೊರರಾಜ್ಯದವರಿಗೆ ಅಲ್ಲಿ ಲಾಟರಿಯೇ ಗತಿ. ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. ಬಿಲ್ಲಿನ ಎಳೆತ 35 ಪೌಂಡಿಗೆ ಕಡಿಮೆ ಇರಬಾರದು. ಬಾಣದ ಮೊನೆಯ ಅಗಲಕ್ಕೂ ಕನಿಷ್ಠ ಅಳತೆ ಇದೆ.

ಸರ್ಕಾರಿ ಕಾಡು ಎಲ್ಲರದು ನಿಜ, ಆದರೆ ನಕ್ಷೆಯಲ್ಲಿ ಖಾಸಗಿ ಜಮೀನಿನ ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. ಬೆಟ್ಟದ ಗಾಳಿ ಮುಂಜಾನೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಆ ಹೊತ್ತು ತಪ್ಪಿದರೆ ಮನುಷ್ಯನ ವಾಸನೆ ಹಿಡಿದ ಎಲ್ಕ್ ಕಣ್ಣಿಗೇ ಬೀಳುವುದಿಲ್ಲ. ಹೊಡೆದರೂ ಕೆಲಸ ಮುಗಿಯಲಿಲ್ಲ. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಪರಾಧ. ಸೆಪ್ಟೆಂಬರಿನ ಬಿಸಿಲಿಗೆ ಕೆಡುವ ಮೊದಲೇ ತೊಡೆ, ಭುಜ ಬೇರ್ಪಡಿಸಿ, ಬಟ್ಟೆಚೀಲದಲ್ಲಿ ನೆರಳಿಗೆ ಕಟ್ಟಿ, ಮೈಲುಗಟ್ಟಲೆ ಬೆನ್ನ ಮೇಲೆ ಹೊರಬೇಕು.

ಇಷ್ಟೆಲ್ಲದರ ಹಿಂದೆ ಒಂದು ಲೆಕ್ಕವಿದೆ. ಕೊಲೊರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಹಿಂಡುಗಳ ಸಂಖ್ಯೆ ಅಂದಾಜು ಮಾಡಿ, ವಲಯಕ್ಕೆ ಇಷ್ಟು ಪರವಾನಗಿ ಎಂದು ಗೊತ್ತುಮಾಡುತ್ತಾರೆ. 1937ರ ಕಾಯ್ದೆಯೊಂದರಡಿ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಮುಂದೆ ಅದು ಬಿಲ್ಲು-ಬಾಣಕ್ಕೂ ವಿಸ್ತರಿಸಿತು. ಬೇಟೆಗಾರನ ದುಡ್ಡಿನಲ್ಲಿ ಪ್ರಾಣಿಯ ನೆಲ ಉಳಿಯುತ್ತದೆ.

ನಮ್ಮ ಈ ಸುತ್ತಿನಲ್ಲಿ ಆ ನೆಲವೇ ಇಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಬಡಾವಣೆ, ಗೋದಾಮು, ಹೆದ್ದಾರಿಗಳು ಬಯಲನ್ನು ತುಂಡು ತುಂಡು ಮಾಡಿವೆ. ಗೋಮಾಳ ಕರಗಿದೆ, ಹುಲ್ಲಿದ್ದ ಕಡೆ ನೀಲಗಿರಿ ನಿಂತಿದೆ. ಮಾಕಳಿದುರ್ಗ, ಶಿವಗಂಗೆಯ ಬೆಟ್ಟಸಾಲಿನಲ್ಲಿ ಚಿರತೆ ಇನ್ನೂ ಇದೆ; ಅದರ ಹೊಟ್ಟೆಗೂ ಮೊಲ, ಹಂದಿ ಬೇಕು. 2024ರ ನವೆಂಬರಿನಲ್ಲಿ ನೆಲಮಂಗಲ ತಾಲೂಕಿನಲ್ಲಿ ಹುಲ್ಲು ತರಲು ಹೋಗಿದ್ದ ಮಹಿಳೆಯೊಬ್ಬರು ಚಿರತೆಗೆ ಬಲಿಯಾದರು. ಕಾಡಂಚಿನ ಜನ ಅಂಥ ಭಯದಲ್ಲಿ ಬದುಕುತ್ತಿರುವಾಗ, ಚಿರತೆಯ ಊಟವನ್ನು ನಾವು ಹಬ್ಬಕ್ಕೆಂದು ಕಸಿಯುವುದು ನನಗಂತೂ ಸರಿ ಕಾಣುವುದಿಲ್ಲ.

ರಾಗಿ, ಜೋಳ, ನೆಲಗಡಲೆ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದ ರೈತನ ಸಂಕಟ ಬೇರೆ. ಬೆಳಗಾಗುವಷ್ಟರಲ್ಲಿ ಅರ್ಧ ಹೊಲ ಉತ್ತಂತಾಗಿರುತ್ತದೆ. ಅದಕ್ಕೆ ಕೆಲವರು ಕಂಡುಕೊಂಡ ಸಿಡಿಮದ್ದಿನ ಉಂಡೆ ಮಾತ್ರ ಮಹಾಪಾಪ. ಮೇಯಲು ಹೋದ ಹಸು ಬಾಯಿ ಹಾಕಿದರೆ ದವಡೆಯೇ ಛಿದ್ರ. ಬೆಳೆಹಾನಿಗೆ ಅರಣ್ಯ ಇಲಾಖೆಯ ಪರಿಹಾರ ಇದೆ. ಅದು ಮುಂದಿನ ಬಿತ್ತನೆಗೆ ಮುನ್ನ ಕೈ ಸೇರಬೇಕು. ತಡವಾದಷ್ಟೂ ಉರುಳು ಹೆಚ್ಚುತ್ತದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ದೊಡ್ಡಬಳ್ಳಾಪುರ, ನೆಲಮಂಗಲದ ಸೆರಗಿನಲ್ಲೇ ಇರುವ ಹೆಸರಘಟ್ಟದ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಅಲ್ಲಿನ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ದೂರದೇಶದ ಸೆಳೆವ ಹಕ್ಕಿಗಳು ಬಂದಿಳಿಯುತ್ತವೆ. ಬೇಟೆಯ ಕಣ್ಣು, ಹೆಜ್ಜೆ ಗುರುತಿಸುವ ಜಾಣ್ಮೆ ಇರುವ ಹಳ್ಳಿಯ ಹುಡುಗರನ್ನು ಇಂಥ ಕಡೆ ಪ್ರಾಣಿಗಣತಿಗೆ, ಕಾವಲಿಗೆ ಸಂಬಳ ಕೊಟ್ಟು ಕರೆದುಕೊಳ್ಳಬೇಕು. ಹೊಸತೊಡಕಿನ ಹಿಂದುಮುಂದಿನ ದಿನಗಳಲ್ಲಿ ತೋಪು, ಕೆರೆಯಂಗಳದಲ್ಲಿ ಬಲೆಯೋ ಉರುಳೋ ಸಿಡಿಮದ್ದೋ ಕಂಡರೆ ಮುಟ್ಟದೆ, ದನಕರು ಆ ಕಡೆ ಹೋಗದಂತೆ ತಡೆದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.